ಸೈನ್ಯ ಕೊಟ್ಟ ಪದವಿ ಪತ್ರ ಕಾಲೇಜಿನಲ್ಲಿ ನಡೆಯುತ್ತದೆಯೇ?

ಪ್ರಶ್ನೆ: ಎಸ್ಸೆಸ್ಸೆಲ್ಸಿ ಮುಗಿಸಿ ಸೈನ್ಯ ಸೇರಿ, 17 ವರ್ಷಗಳ ನಂತರ ಹವಾಲ್ದಾರನಾಗಿ ನಿವೃತ್ತನಾದೆ. ಪದವಿಗೆ ಸಮಾನವೆಂದು ಪ್ರಮಾಣಪತ್ರ ಕೊಟ್ಟಿದ್ದಾರೆ. ಅದನ್ನು ಹಿಡಿದು ಮೂರು ವರ್ಷದ ಎಲ್‌ಎಲ್‌ಬಿಗೆ ಹೋದರೆ ಕಾಲೇಜಿನವರು ಆಗುವುದಿಲ್ಲ ಎಂದರು. ಅಮೆರಿಕದಲ್ಲಿ ಮಾಜಿ ಸೈನಿಕರ ಶುಲ್ಕವನ್ನು ಸರ್ಕಾರವೇ ಕಟ್ಟುತ್ತದಂತೆ. ನಮಗೇನಿದೆ? ಮಗಳು ಈ ವರ್ಷ ಎಂಜಿನಿಯರಿಂಗ್ ಸೇರಿದ್ದಾಳೆ.
– ಮಾಜಿ ಹವಾಲ್ದಾರ್, ಗೋಕಾಕ

ಉತ್ತರ: ಹವಾಲ್ದಾರರೇ, ಕಾಲೇಜಿನವರ ಮೇಲೆ ಸಿಟ್ಟಾಗಬೇಡಿ. ರೆಜಿಮೆಂಟಿನ ಗುಮಾಸ್ತನಾಗಿ ಇಂಥ ಪತ್ರಗಳನ್ನು ಕಟ್ಟುಗಟ್ಟಲೆ ಬೆರಳಚ್ಚು ಮಾಡಿದವನು ನಾನು. ಅದು ನೌಕರಿಗೆಂದು ಕೊಡುವ ಕಾಗದ. 15 ವರ್ಷ ಸೇವೆ ಮಾಡಿದ ಎಸ್ಸೆಸ್ಸೆಲ್ಸಿಯವರು, ಪದವಿ ಕೇಳುವ ಕೇಂದ್ರ ಸರ್ಕಾರದ ಗ್ರೂಪ್ ‘ಸಿ’ ಹುದ್ದೆಗಳಿಗೆ ಅರ್ಜಿ ಹಾಕಲು ಅದು ಸಾಕು. ವಿಶ್ವವಿದ್ಯಾಲಯದ ಮುಂದೆ ಅದಕ್ಕೆ ಬೆಲೆಯಿಲ್ಲ.

ಅಮೆರಿಕದ ಸುದ್ದಿ ನಿಜ. ಮಾಜಿ ಸೈನಿಕರಿಗಾಗಿ ಮಾಡಿದ 1944ರ ‘ಜಿಐ ಬಿಲ್’ ಎಂಬ ಕಾನೂನಿನಿಂದಾಗಿ ಮಹಾಯುದ್ಧ ಮುಗಿಸಿ ಬಂದ ಸುಮಾರು 22 ಲಕ್ಷ ಮಂದಿ ಕಾಲೇಜು ಸೇರಿದರು. ಈಗಲೂ ಅಲ್ಲಿ 36 ತಿಂಗಳವರೆಗೆ ಶುಲ್ಕದ ಜೊತೆಗೆ ವಸತಿ ಭತ್ಯೆಯೂ ಸಿಗುತ್ತದೆ. ನಮ್ಮಲ್ಲಿ ವಿದ್ಯಾರ್ಥಿವೇತನದ ಹಣ ಹೋಗುವುದು ಹೆಚ್ಚಾಗಿ ಸೈನಿಕರ ಮಕ್ಕಳಿಗೆ, ವಿಧವೆಯರಿಗೆ. ಬದುಕಿ ಬಂದವನು ತಾನೇ ಓದುತ್ತೇನೆ ಎಂದಾನು ಎಂಬುದು ಯೋಜನೆ ಬರೆದವರಿಗೆ ಹೊಳೆದಂತಿಲ್ಲ!

ವಕೀಲರಾಗಲೇಬೇಕೆಂದಿದ್ದರೆ ಮೊದಲು ಪಿಯುಸಿ ಮಾಡಿ. ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ (ಎನ್‌ಐಒಎಸ್) ಮೂಲಕ ಮನೆಯಲ್ಲೇ ಓದಿ ಬರೆಯಬಹುದು. ಆಮೇಲೆ ಮೈಸೂರಿನ ಮುಕ್ತ ವಿಶ್ವವಿದ್ಯಾಲಯದಿಂದ ಬಿಎ, ನಂತರ ಎಲ್‌ಎಲ್‌ಬಿ. ಇಲ್ಲವೇ ಪಿಯುಸಿಯಿಂದ ನೇರವಾಗಿ ಐದು ವರ್ಷದ ಕೋರ್ಸು. ಪಿಯುಸಿ ಹಾರಿಸಿ ಮುಕ್ತ ಪದವಿ ಪಡೆಯಿರಿ ಎಂದು ಯಾರಾದರೂ ಹೇಳಿದರೆ ಕಿವಿಗೊಡಬೇಡಿ, ಅಂಥ ಪದವಿಯನ್ನು ಕಾನೂನು ಶಿಕ್ಷಣದ ಮೇಲುಸ್ತುವಾರಿ ನೋಡುವ ಬಾರ್ ಕೌನ್ಸಿಲ್‌ನ ನಿಯಮ ಒಪ್ಪುವುದಿಲ್ಲ. ಕಾನೂನು ತರಗತಿಗೆ ಶೇ 70 ಹಾಜರಿಯೂ ಬೇಕು. ಹಗಲು ಪಾಳಿಯ ಸೆಕ್ಯೂರಿಟಿ ಕೆಲಸದಲ್ಲಿದ್ದರೆ ಈಗಲೇ ಯೋಚಿಸಿ.

ಅದಕ್ಕಿಂತ ಅವಸರದ್ದು ಮಗಳ ವಿಷಯ. ಪಿಯುಸಿಯಲ್ಲಿ ಶೇ 60 ಬಂದಿದ್ದರೆ ಪ್ರಧಾನಮಂತ್ರಿ ವಿದ್ಯಾರ್ಥಿವೇತನಕ್ಕೆ ಕೇಂದ್ರೀಯ ಸೈನಿಕ ಮಂಡಳಿಯ ಜಾಲತಾಣದಲ್ಲಿ ಅರ್ಜಿ ಹಾಕಿಸಿ. ಹೆಣ್ಣುಮಕ್ಕಳಿಗೆ ತಿಂಗಳಿಗೆ 3,000 ರೂಪಾಯಿ. ಆಯ್ಕೆ ಅಂಕಗಳ ಮೇಲೆ, ಆದ್ದರಿಂದ ಸಿಕ್ಕೇ ಸಿಗುತ್ತದೆ ಎನ್ನಲಾರೆ. ಅರ್ಜಿಗೆ ಅವಕಾಶ ಮೊದಲ ವರ್ಷದಲ್ಲಿ ಮಾತ್ರ. ಕಾಲೇಜು ಮತ್ತು ಬ್ಯಾಂಕಿನ ಪ್ರಮಾಣಪತ್ರಗಳು ಸುಲಭವಾಗಿ ಸಿಗುತ್ತವೆ. ನೀವು ಮಾಜಿ ಸೈನಿಕರೆಂಬ ಪ್ರಮಾಣಪತ್ರವನ್ನು ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಯಲ್ಲಿ ಪಡೆಯಿರಿ. ಹೋಗುವ ಮುನ್ನ, ನಿವೃತ್ತಿಯಾಗುವಾಗ ಸೈನ್ಯ ಕೊಟ್ಟ ಡಿಸ್ಚಾರ್ಜ್ ಬುಕ್ ತೆರೆದು ಮಗಳ ಹೆಸರು, ಜನ್ಮದಿನಾಂಕಗಳು ಅಂಕಪಟ್ಟಿಯಲ್ಲಿರುವಂತೆಯೇ ಇವೆಯೇ ನೋಡಿ. ಒಂದಕ್ಷರ ಬೇರೆಯಿದ್ದರೂ ತಿದ್ದಿಕೊಡಿ ಎಂದು ಇಂದೇ ನಿಮ್ಮ ಸೇವಾ ದಾಖಲೆ ಇಡುವ ರೆಕಾರ್ಡ್ ಆಫೀಸಿಗೆ ಬರೆಯಿರಿ.