ಡಿಸ್ಕ್‌ನಲ್ಲಿ ಗ್ಯಾಸ್, ಕಾಲಿನಲ್ಲಿ ಸೆಳೆತ

ಪ್ರಶ್ನೆ: ನನಗೆ 67 ವರ್ಷ. ಸೊಂಟದಿಂದ ಎಡಗಾಲಿನ ಹೆಬ್ಬೆರಳಿನವರೆಗೆ ಸೆಳೆತ. ನಿಂತರೆ ಜಾಸ್ತಿ, ಮಲಗಿದರೆ ಕಡಿಮೆ. ಸೊಂಟದ ನಾಲ್ಕು–ಐದನೇ ಬೆನ್ನುಮೂಳೆಗಳ ನಡುವಿನ ಎಲ್4–ಎಲ್5 ಡಿಸ್ಕ್‌ನಲ್ಲೂ ನರದ ಬೇರಿನ ಪಕ್ಕದಲ್ಲೂ ಗ್ಯಾಸ್ ಇದೆ ಎಂದು ಸಿ.ಟಿ. ವರದಿ ಹೇಳುತ್ತದೆ. ಹೊಟ್ಟೆಯ ಗ್ಯಾಸ್ ಬೆನ್ನಿಗೆ ಏರಿತೇ? ಗ್ಯಾಸ್ ಮಾತ್ರೆ ತೆಗೆದುಕೊಳ್ಳಲೇ?

ಉತ್ತರ: ಬೇಡ. ಇದು ಬೇರೆಯೇ ಗ್ಯಾಸ್. ಹೊಟ್ಟೆಗೂ ಇದಕ್ಕೂ ನಂಟಿಲ್ಲ.

ಬೆನ್ನುಮೂಳೆಗಳ ನಡುವಿನ ಮೆತ್ತೆಯೇ ಡಿಸ್ಕ್. ಅದು ಸವೆದು ನೀರಿನಂಶ ಕಳೆದುಕೊಂಡಾಗ ಒಳಗೆ ಬಿರುಕು ಬಿಡುತ್ತದೆ. ಬೆನ್ನನ್ನು ಹಿಂದಕ್ಕೆ ಬಾಗಿಸಿದಾಗ ಬಿರುಕು ಅಗಲವಾಗಿ ಅಲ್ಲಿ ಒತ್ತಡ ಕುಸಿಯುತ್ತದೆ. ಸುತ್ತಲಿನ ದ್ರವದಲ್ಲಿ ಕರಗಿರುವ ಅನಿಲ ಆ ಜಾಗಕ್ಕೆ ಬಂದು ತುಂಬುತ್ತದೆ. ಅದರಲ್ಲಿ ನೂರಕ್ಕೆ ಸುಮಾರು 90 ಪಾಲು ನೈಟ್ರೋಜನ್. ವಯಸ್ಸಾದವರ ಸ್ಕ್ಯಾನ್‌ಗಳಲ್ಲಿ ಇದು ಮಾಮೂಲಿ, ಬಹುತೇಕರಿಗೆ ಅದರಿಂದ ತೊಂದರೆಯೇನೂ ಇಲ್ಲ. ಹೀಗಾಗಿ 'ಗ್ಯಾಸ್ ಇದೆ' ಎಂಬ ಒಂದೇ ಸಾಲಿಗೆ ಹೆದರಬೇಡಿ.

ತೊಂದರೆ ಶುರುವಾಗುವುದು ಡಿಸ್ಕ್‌ನ ಹೊರಪದರ ಹರಿದಾಗ. ನಿಂತಾಗ ಮೈಭಾರಕ್ಕೆ ಗ್ಯಾಸ್ ಆ ಸೀಳಿನಿಂದ ಬೆನ್ನುಹುರಿಯ ಕಾಲುವೆಗೆ ನುಗ್ಗುತ್ತದೆ. ಸೀಳು ಒಮ್ಮುಖ ಕವಾಟದಂತೆ ವರ್ತಿಸಿದರೆ ಗ್ಯಾಸ್ ಹಿಂದಿರುಗದೆ, ತೆಳು ಪೊರೆಯ ಗುಳ್ಳೆಯಾಗಿ ನರದ ಬೇರನ್ನು, ಅಂದರೆ ಬೆನ್ನುಹುರಿಯಿಂದ ಹೊರಡುವ ನರದ ಬುಡವನ್ನು, ಒತ್ತುತ್ತದೆ. ಹೆಬ್ಬೆರಳಿನವರೆಗಿನ ಸೆಳೆತ ಎಲ್5 ಬೇರಿನದು. ಆ ಬೇರು ಹಾದುಹೋಗುವುದು ನಿಮ್ಮ ಅದೇ ಡಿಸ್ಕ್‌ನ ಹಿಂಬದಿಯಲ್ಲಿ. ನೋವಿನ ಜಾಗ, ಗುಳ್ಳೆಯ ಜಾಗ, ಎಡ-ಬಲ ಮೂರೂ ತಾಳೆಯಾದರೆ ಮಾತ್ರ ಗ್ಯಾಸನ್ನು ದೂರಬೇಕು. ಜೊತೆಗೇ ಡಿಸ್ಕ್ ಜಾರಿರುವುದು, ಕಾಲುವೆ ಕಿರಿದಾಗಿರುವುದು ಸಾಮಾನ್ಯ. ನಿಜವಾದ ತಪ್ಪಿತಸ್ಥ ಎಷ್ಟೋ ಸಲ ಅದೇ.

ಎಂ.ಆರ್.ಐ.ನಲ್ಲಿ ಗ್ಯಾಸ್ ಬರೀ ಕಪ್ಪಾಗಿ ಕಾಣುವುದರಿಂದ ಸುಣ್ಣಗಟ್ಟಿದ ಡಿಸ್ಕ್ ಚೂರು ಎಂದು ತಪ್ಪು ಓದುವ ಸಂಭವವಿದೆ. ಗ್ಯಾಸನ್ನು ಖಚಿತಪಡಿಸುವುದು ಸಿ.ಟಿ.ಯೇ. ಆದರೆ ನೀವು ಮಲಗಿರುವಾಗ ತೆಗೆದ ಚಿತ್ರದಲ್ಲಿ ಗುಳ್ಳೆ ಚಿಕ್ಕದಾಗಿ ಕಾಣಬಹುದು.

ಮೊದಲ ಕೆಲವು ವಾರ ನೋವಿನ ಮಾತ್ರೆ, ವ್ಯಾಯಾಮ ಚಿಕಿತ್ಸೆ, ಬೇಕಾದರೆ ನರದ ಬೇರಿನ ಪಕ್ಕ ಸ್ಟೀರಾಯ್ಡ್ ಚುಚ್ಚುಮದ್ದು. ಬೆನ್ನು ಹಿಂದಕ್ಕೆ ಬಾಗಿಸುವ ವ್ಯಾಯಾಮ ನೋವು ಹೆಚ್ಚಿಸಿದರೆ ಬಿಡಿ. ಗುಳ್ಳೆ ತಾನಾಗಿ ಕರಗುವುದೂ ಉಂಟು. ಸಿ.ಟಿ. ನೋಡಿಕೊಂಡು ಸೂಜಿಯಿಂದ ಗ್ಯಾಸ್ ಹೀರಿದರೆ ಕೂಡಲೇ ಹಗುರವೆನಿಸಬಹುದು, ಆದರೆ ಸೀಳು ಹಾಗೇ ಇರುವುದರಿಂದ ಮತ್ತೆ ತುಂಬಿಕೊಳ್ಳಬಹುದು. ಆಗ ಗುಳ್ಳೆಯ ಪೊರೆಯನ್ನೂ ಸವೆದ ಡಿಸ್ಕ್ ಭಾಗವನ್ನೂ ತೆಗೆಯುವ ಶಸ್ತ್ರಚಿಕಿತ್ಸೆ ಉಳಿದ ದಾರಿ.

ಜ್ವರವೂ ಇದ್ದರೆ ಸೋಂಕಿಗಾಗಿ ರಕ್ತಪರೀಕ್ಷೆ ಬೇಕು. ಮೂತ್ರ ಕಟ್ಟಿದರೆ, ಮಲಮೂತ್ರದ ಹಿಡಿತ ತಪ್ಪಿದರೆ, ಗುದದ ಸುತ್ತ ಜೋಮು ಹಿಡಿದರೆ, ಪಾದ ಎತ್ತಲಾಗದಿದ್ದರೆ ಅದೇ ದಿನ ಆಸ್ಪತ್ರೆಗೆ ಹೋಗಿ.