ಓದುಗರ ಪ್ರಶ್ನೆ, ತಜ್ಞರ ಉತ್ತರ: ಗಾಳಿಯಿಲ್ಲದ ದಿನ ಅಂಗಳಕ್ಕೆ ಬಂದ ಕಡಲು

ಪ್ರಶ್ನೆ: ನಮ್ಮ ಹುಡುಗ ಲಕ್ಷದ್ವೀಪದ ಅಗತ್ತಿಯಲ್ಲಿ ಕಟ್ಟಡದ ಕೆಲಸಕ್ಕಿದ್ದಾನೆ. ಗಾಳಿ ಇಲ್ಲ, ಮಳೆ ಇಲ್ಲ, ಬಿಸಿಲು ಕಾಯುತ್ತಿರುವಾಗಲೇ ಸಮುದ್ರದ ನೀರು ರಸ್ತೆಗೆ ಬಂತಂತೆ. ಸುತ್ತ ಹವಳದ ದಿಬ್ಬ ಇದ್ದರೆ ಅಲೆ ಅಲ್ಲೇ ನಿಲ್ಲಬೇಕಲ್ಲವೇ?
- ಓದುಗರು, ಶಿಡ್ಲಘಟ್ಟ

ಉತ್ತರ: ಬಹುಪಾಲು ಅಲ್ಲೇ ನಿಲ್ಲುತ್ತದೆ. ಹಲವು ದೇಶಗಳ ಅಳತೆಗಳನ್ನು ಒಟ್ಟುಗೂಡಿಸಿ 2014ರಲ್ಲಿ ಪ್ರಕಟವಾದ ಅಧ್ಯಯನದಂತೆ, ದಿಬ್ಬ ಅಲೆಯ ಶಕ್ತಿಯಲ್ಲಿ ಸರಾಸರಿ ಶೇ. 97ರಷ್ಟನ್ನು ಕಳೆಯುತ್ತದೆ. ಆದರೆ ಒಡೆದ ಅಲೆಯ ನೀರು ದಿಬ್ಬ ದಾಟಿ ಒಳಗೆ ಬೀಳುತ್ತಲೇ ಇರುತ್ತದೆ. ಹೊರಹೋಗಲು ಇರುವುದು ಒಂದೆರಡು ಕಿರಿದಾದ ಬಾಯಿಗಳು ಮಾತ್ರ. ಒಳಹರಿವು ಜೋರಾಗಿದ್ದು ಕೋಡಿ ಚಿಕ್ಕದಾದ ಕೆರೆಯ ಹಾಗೆ, ಒಳಗಿನ ನೀರಿನ ಮಟ್ಟ ಏರುತ್ತದೆ. ಹೊರಗಿನ ಅಲೆ ದೊಡ್ಡದಾಗಿದ್ದರೆ ಈ ಏರಿಕೆಯೇ ಒಂದು ಮೀಟರ್ ಮುಟ್ಟಬಹುದು. ಅಲ್ಲಿನ ನೆಲವೋ, ಬಹುತೇಕ ಕಡೆ ಸಮುದ್ರಮಟ್ಟಕ್ಕಿಂತ ಒಂದೆರಡು ಮೀಟರ್ ಎತ್ತರ ಅಷ್ಟೇ.

ಇನ್ನೊಂದು ಅಪಾಯ ಕಣ್ಣಿಗೆ ಬೀಳುವುದಿಲ್ಲ. ಅಲೆಗಳು ಗುಂಪುಗುಂಪಾಗಿ ಬಂದು ಒಡೆದಾಗ, ಕೆಲವು ನಿಮಿಷಕ್ಕೊಮ್ಮೆ ಏರಿಳಿಯುವ ನಿಧಾನದ ಅಲೆ ಹುಟ್ಟುತ್ತದೆ. ದಿಬ್ಬ ಅದನ್ನು ಅಷ್ಟಾಗಿ ತಡೆಯದು. 2013ರ ಹೈಯಾನ್ ಚಂಡಮಾರುತದಲ್ಲಿ ಫಿಲಿಪ್ಪೀನ್ಸ್‌ನ ಹೆರ್ನಾನಿ ಊರಿಗೆ ದಿಬ್ಬದ ಹಿಂದೆ ಸುನಾಮಿಯಂತೆ ನೀರು ನುಗ್ಗಿ ಮನೆಗಳನ್ನು ಕೊಚ್ಚಿದ್ದು ಹೀಗೆಯೇ.

ಬಿಸಿಲಿನ ದಿನ ನೀರು ಬಂದಿದ್ದರೆ ಅದು ಬಹುಮಟ್ಟಿಗೆ ದಕ್ಷಿಣ ಮಹಾಸಾಗರದ ಬಿರುಗಾಳಿ ಎಬ್ಬಿಸಿದ ಸ್ವೆಲ್, ಅಂದರೆ ಹುಟ್ಟಿದ ಜಾಗದಿಂದ ಬಹುದೂರ ಸಾಗಿ ಬರುವ ಅಲೆ, ಇರಬೇಕು. 18 ಸೆಕೆಂಡ್ ಅಂತರದ ಅಲೆಗುಂಪು ಗಂಟೆಗೆ ಸುಮಾರು 50 ಕಿ.ಮೀ. ಸಾಗುತ್ತದೆ. 5,500 ಕಿ.ಮೀ. ದಾಟಲು ನಾಲ್ಕೂವರೆ ದಿನ ಬೇಕು. ಈ ನಾಲ್ಕೂವರೆ ದಿನವೇ ನಮಗೆ ಸಿಗುವ ಎಚ್ಚರಿಕೆಯ ಅವಧಿ. ಅದನ್ನು ವ್ಯರ್ಥ ಮಾಡಬಾರದು.

ಪ್ರಶ್ನೆ: ಮಗಳು ಕವರಟ್ಟಿಯಲ್ಲಿ ನರ್ಸ್. ಮನೆ ದಡದ ಹತ್ತಿರವೇ ಇದೆ. ಮುನ್ಸೂಚನೆಯಲ್ಲಿ ಅವಳು ಏನು ನೋಡಬೇಕು, ಏನು ಸಿದ್ಧ ಮಾಡಿಕೊಳ್ಳಬೇಕು?
- ಓದುಗರು, ಕುಣಿಗಲ್

ಉತ್ತರ: ಹೈದರಾಬಾದಿನ ಇಂಕಾಯ್ಸ್ ಸಂಸ್ಥೆ ಅಲೆಯ ಮುನ್ಸೂಚನೆ ಕೊಡುತ್ತದೆ, ‘ಕಳ್ಳಕ್ಕಡಲ್’ (ಕಳ್ಳನಂತೆ ಸದ್ದಿಲ್ಲದೆ ನುಗ್ಗುವ ಸ್ವೆಲ್) ಎಂಬ ಹೆಸರಿನ ಎಚ್ಚರಿಕೆ ಬರುವುದೂ ಅಲ್ಲಿಂದಲೇ. ಚಂಡಮಾರುತದ ಎಚ್ಚರಿಕೆ ಹವಾಮಾನ ಇಲಾಖೆಯದು. ಅಲೆಯ ಎತ್ತರವೊಂದನ್ನೇ ನೋಡಿ ಸುಮ್ಮನಾಗುವುದು ಎಲ್ಲರೂ ಮಾಡುವ ತಪ್ಪು. ಎತ್ತರ ಒಂದೂವರೆ ಮೀಟರ್ ಇದ್ದರೂ ಅಂತರ 18 ಸೆಕೆಂಡ್ ಆಸುಪಾಸಿನಲ್ಲಿದ್ದರೆ ಹಗುರವಾಗಿ ಕಾಣಬೇಡಿ. ಜೊತೆಗೆ ಉಬ್ಬರದ ಗಂಟೆ ನೋಡಿಕೊಳ್ಳಲಿ. ದಿಬ್ಬದ ಮೇಲೆ ನೀರು ಆಳವಾದಷ್ಟೂ ದೊಡ್ಡ ಅಲೆ ಒಳಗೆ ದಾಟುತ್ತದೆ, ಆದ್ದರಿಂದ ಉಬ್ಬರದ ಹಿಂದುಮುಂದಿನ ಎರಡು ಗಂಟೆ ಕೆಟ್ಟ ಹೊತ್ತು. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಉಬ್ಬರವೇ ಹೆಚ್ಚಿರುತ್ತದೆ. ಚಂಡಮಾರುತವಿದ್ದರೆ ವಾಯುಭಾರ ಒಂದು ಹೆಕ್ಟೊಪಾಸ್ಕಲ್ ಇಳಿದಂತೆ ಕಡಲು ಸುಮಾರು ಒಂದು ಸೆಂಟಿಮೀಟರ್ ಏರುತ್ತದೆ ಎಂಬ ಲೆಕ್ಕವನ್ನೂ ಸೇರಿಸಿಕೊಳ್ಳಿ.

ಮೊದಲು ಕುಡಿಯುವ ನೀರು. ಹಡಗು ನಿಂತರೆ ಸಾಮಾನು ಬರುವುದಿಲ್ಲ, ಹಾಗಾಗಿ ಒಬ್ಬರಿಗೆ ದಿನಕ್ಕೆ 4 ಲೀಟರಿನಂತೆ ಒಂದು ವಾರಕ್ಕೆ 28 ಲೀಟರ್ ಮುಚ್ಚಿದ ಕ್ಯಾನಿನಲ್ಲಿ ಎತ್ತರದ ಕಡೆ ಇಡಬೇಕು. ಮಳೆನೀರಿನ ಟ್ಯಾಂಕ್ ನೆಲಮಟ್ಟದಲ್ಲಿದ್ದರೆ ಮುಚ್ಚಳ ಬಿಗಿಯಾಗಿರಲಿ. ಹೊರಡುವಾಗ ಮೇನ್ ಸ್ವಿಚ್ ಆಫ್ ಮಾಡಿ, ಗ್ಯಾಸ್ ಸಿಲಿಂಡರ್ ರೆಗ್ಯುಲೇಟರ್ ಬಿಚ್ಚಿ ಕಟ್ಟಿಹಾಕಬೇಕು, ಇಲ್ಲದಿದ್ದರೆ ಅದು ತೇಲಿ ಹೋಗುತ್ತದೆ. ದ್ವೀಪದ ನಡುಭಾಗದ ಕಾಂಕ್ರೀಟ್ ಕಟ್ಟಡದ ಮೇಲ್ಮಹಡಿ ಸೇರುವುದು ಉಬ್ಬರಕ್ಕೆ ಕನಿಷ್ಠ ಮೂರು ಗಂಟೆ ಮೊದಲೇ ಆಗಲಿ. ನೀರು ಒಮ್ಮೆ ಇಳಿಯಿತೆಂದು ಸಾಮಾನು ತರಲು ಕೆಳಗಿಳಿಯುವುದು ಬೇಡವೇ ಬೇಡ. ನಿಧಾನದ ಅಲೆ ಮತ್ತೆ ಬರುವುದು ಆ ಬಿಡುವಿನ ನಂತರವೇ.

ಪ್ರಶ್ನೆ: ಹವಳ ಸತ್ತರೂ ಕಲ್ಲು ಹಾಗೇ ಇರುತ್ತದಲ್ಲ, ರಕ್ಷಣೆ ಕಡಿಮೆಯಾಗುವುದೇಕೆ?
- ಓದುಗರು, ತಿಪಟೂರು

ಉತ್ತರ: ಕೊಂಬೆಕೊಂಬೆಯಾದ ಹವಳದ ಒರಟು ಮೈ ಅಲೆಯನ್ನು ಉಜ್ಜಿ ನಿಧಾನಿಸುತ್ತದೆ. ಸತ್ತ ಹವಳ ಮುರಿದು ಮೈ ನುಣುಪಾಗುತ್ತದೆ, ಕ್ರಮೇಣ ದಿಬ್ಬ ಸವೆದು ಮೇಲಿನ ನೀರು ಆಳವಾಗುತ್ತದೆ. ಲಕ್ಷದ್ವೀಪದ ಹವಳ 1998, 2010, 2016ರಲ್ಲಿ ಕಡಲ ಬಿಸಿಗೆ ಬಿಳಿಚಿಕೊಂಡಿತ್ತು. ಇದು ನಿಜಕ್ಕೂ ಆತಂಕದ ವಿಷಯ.

ಪ್ರಶ್ನೆ: ಬಾವಿಗೆ ಸಮುದ್ರದ ನೀರು ನುಗ್ಗಿದರೆ, ನಾವು ಹೊಸ ಬೋರ್‌ವೆಲ್‌ಗೆ ಮಾಡುವಂತೆ ಮೋಟಾರು ಹಾಕಿ ಪೂರ್ತಿ ಹೊರಚೆಲ್ಲಬಹುದೇ?
- ಓದುಗರು, ಮುಳಬಾಗಿಲು

ಉತ್ತರ: ಖಂಡಿತ ಬೇಡ. ಕೋಲಾರದ ಬೋರ್‌ವೆಲ್ ಕಲ್ಲಿನ ಬಿರುಕಿನಿಂದ ನೀರೆತ್ತುತ್ತದೆ. ದ್ವೀಪದ ಸಿಹಿನೀರು ಉಪ್ಪುನೀರಿನ ಮೇಲೆ ತೆಳುವಾಗಿ ತೇಲುತ್ತಿರುತ್ತದೆ. ಲೆಕ್ಕದ ಪ್ರಕಾರ ಸಿಹಿನೀರಿನ ಮಟ್ಟ 10 ಸೆಂ.ಮೀ. ತಗ್ಗಿದರೆ ಕೆಳಗಿನ ಉಪ್ಪುನೀರು 4 ಮೀಟರ್‌ವರೆಗೆ ಮೇಲೇರಬಹುದು. ಜೋರಾಗಿ ಎತ್ತಿದರೆ ಬಾವಿ ಇನ್ನಷ್ಟು ಕೆಡುತ್ತದೆ.

ಹಳ್ಳಗುಂಡಿಗಳಲ್ಲಿ ನಿಂತ ಕಡಲ ನೀರನ್ನು ಅದೇ ದಿನ ಕಾಲುವೆ ತೋಡಿ ಹೊರಗೆ ಹರಿಸಿ, ಅದು ಇಂಗಿದಷ್ಟೂ ಕಷ್ಟ. ಬಾವಿಯ ಕಸ ತೆಗೆದು, ಬಕೆಟ್‌ನಿಂದ ನಿಧಾನವಾಗಿ ಸೇದಿ. ಉಳಿದದ್ದನ್ನು ಮಳೆಯೇ ತೊಳೆಯಬೇಕು. 2005ರ ಚಂಡಮಾರುತದ ಬಳಿಕ ಪೆಸಿಫಿಕ್‌ನ ಪುಕಾಪುಕಾ ದ್ವೀಪದಲ್ಲಿ ಸಿಹಿನೀರು ಮರಳಲು 11 ತಿಂಗಳು ಹಿಡಿಯಿತು. ಕುದಿಸಿದರೆ ಉಪ್ಪು ಹೋಗದು. ನಿಮ್ಮ ಕಡೆ ಆರ್‌ಒ ನೀರು ಪರೀಕ್ಷಿಸುವ ಟಿಡಿಎಸ್ (ನೀರಿನಲ್ಲಿ ಕರಗಿದ ಲವಣಾಂಶ) ಮೀಟರ್ ಇಲ್ಲೂ ಸಾಕು. ವಾರಕ್ಕೊಮ್ಮೆ ಅಳೆದು ಬರೆದಿಡಿ. ಲೀಟರಿಗೆ 500 ಮಿ.ಗ್ರಾಂ. ಒಳಗಿದ್ದರೆ ಒಳ್ಳೆಯದು, ಬೇರೆ ಮೂಲವೇ ಇಲ್ಲದಿದ್ದರೆ 2,000ದವರೆಗೆ ಭಾರತೀಯ ಮಾನಕ ಒಪ್ಪುತ್ತದೆ. ಉಪ್ಪು ಇಳಿದರೂ ರೋಗಾಣು ಉಳಿದಿರಬಹುದು, ಆದ್ದರಿಂದ ಕ್ಲೋರಿನ್ ಹಾಕದೆ ಕುಡಿಯಬೇಡಿ.