ಬೆರಿ ಹಾಕಿದ ಜಿನ್ ಕಾಕ್‌ಟೇಲ್: ಜಜ್ಜೋದು ಬಿಡಿ, ಸಕ್ಕರೆಲಿ ನೆನೆಸಿ

ಪ್ರಶ್ನೆ: ಮೇಡಂ, ಬೇಸಿಗೆ ಬಂತು ಅಂದ್ರೆ ಫ್ರೆಶ್ ಸ್ಟ್ರಾಬೆರಿ, ರಾಸ್ಪ್‌ಬೆರಿ ತಂದು ಜಿನ್ ಕಾಕ್‌ಟೇಲ್ ಮಾಡ್ತೀನಿ. ಹಣ್ಣು ಗ್ಲಾಸಲ್ಲೇ ಜಜ್ಜಿ, ಜಿನ್ ಸುರಿದು, ಐಸು ಸೋಡಾ ತುಂಬಿಸ್ತೀನಿ. ನೋಡೋಕೆ ಚಂದ, ಕುಡಿದ್ರೆ ನೀರು ನೀರು, ಬೀಜ ಬೇರೆ ಹಲ್ಲಿಗೆ ಸಿಗುತ್ತೆ. ಏನು ಮಾಡ್ಲಿ?

ಉತ್ತರ: ನಿಮ್ಮ ಗ್ಲಾಸಲ್ಲಿ ಹಣ್ಣಿದೆ, ಜಿನ್ ಇದೆ, ಹುಳಿನೂ ಇಲ್ಲ ಸಿಹಿನೂ ಇಲ್ಲ, ಅದಕ್ಕೇ ಸಪ್ಪೆ ಹೊಡೆಯುತ್ತೆ. ಬೆರಿಲಿ ಇರೋ ಸಿಹಿ ಅಷ್ಟು ಐಸು ಸೋಡಾಗೆ ಸಾಲಲ್ಲ, ಅದೂ ಅಲ್ದೆ ತಣ್ಣಗಾದಷ್ಟೂ ನಾಲಿಗೆಗೆ ಸಿಹಿ ಕಮ್ಮಿ ಗೊತ್ತಾಗುತ್ತೆ. ಜಿನ್ ಯಾವ ಬ್ರ್ಯಾಂಡು ಅಂತ ತಲೆ ಕೆಡಿಸ್ಕೊಳ್ಳೋಕೆ ಮುಂಚೆ ಹುಳಿ-ಸಿಹಿ ಹದ ನೋಡ್ಕೊಳ್ಳಿ, ನನ್ನ ಪ್ರಕಾರ ಈ ಡ್ರಿಂಕಲ್ಲಿ ಮುಕ್ಕಾಲು ಪಾಲು ಕೆಲಸ ಅದೇ.

ಈಗ ಜಜ್ಜೋ ವಿಷಯ. ರಾಸ್ಪ್‌ಬೆರಿ, ಬ್ಲ್ಯಾಕ್‌ಬೆರಿನ ಜೋರಾಗಿ ಜಜ್ಜಿದ್ರೆ ಬೀಜದ ಒಗರು ರಸಕ್ಕೆ ಇಳಿಯುತ್ತೆ. ಅದರ ಬದಲು ಒಂದು ಗ್ಲಾಸಿಗೆ 50 ಗ್ರಾಂ ಹಣ್ಣು ತಗೊಳ್ಳಿ, ಸ್ಟ್ರಾಬೆರಿ ಆದ್ರೆ ತೆಳ್ಳಗೆ ಹೆಚ್ಕೊಳ್ಳಿ, ಮೇಲೆ ಎರಡು ಚಮಚ ಸಕ್ಕರೆ ಉದುರಿಸಿ ಅರ್ಧ ಗಂಟೆ ಹಾಗೇ ಬಿಟ್ಬಿಡಿ. ಸಕ್ಕರೆನೇ ಹಣ್ಣಿನೊಳಗಿನ ನೀರನ್ನ ಹೊರಗೆ ಎಳೆಯುತ್ತೆ, ಬಟ್ಟಲ ತಳದಲ್ಲಿ ಕೆಂಪಗೆ ಪಾಕ ನಿಂತಿರುತ್ತೆ, ಒಲೆ ಹಚ್ಚೋದೇ ಬೇಡ, ಹಾಗಾಗಿ ಹಸಿ ಹಣ್ಣಿನ ಘಮ ಹಾಗೇ ಉಳಿಯುತ್ತೆ. ಫ್ರಿಜ್ಜಲ್ಲಿಟ್ಟ ಸ್ಟ್ರಾಬೆರಿನ ಸ್ವಲ್ಪ ಮೊದಲೇ ಹೊರಗೆ ತೆಗೆದಿಡಿ, ಚಳಿಲಿದ್ದ ಹಣ್ಣಿಗೆ ಪರಿಮಳ ಕಮ್ಮಿ. ಬ್ಲೂಬೆರಿಗೆ ಮಾತ್ರ ಸಿಪ್ಪೆ ಗಟ್ಟಿ, ಒಂದೊಂದನ್ನೂ ಎರಡು ಹೋಳು ಮಾಡಿ, ಇಲ್ಲಾಂದ್ರೆ ಸಕ್ಕರೆ ಅದರೊಳಗೆ ಹೋಗೋದೇ ಇಲ್ಲ.

ನೆನೆದ ಹಣ್ಣನ್ನ ರಸದ ಸಮೇತ ಶೇಕರಿಗೆ ಹಾಕಿ, ಚಮಚದ ಹಿಂಭಾಗದಲ್ಲಿ ಎರಡು ಮೂರು ಸಲ ಮೆತ್ತಗೆ ಒತ್ತಿ, 50 ಎಂಎಲ್ ಜಿನ್, 25 ಎಂಎಲ್ ಆಗ ತಾನೇ ಹಿಂಡಿದ ನಿಂಬೆರಸ, ಕೈ ತುಂಬ ಐಸು ಹಾಕಿ 12-15 ಸೆಕೆಂಡು ಜೋರಾಗಿ ಕುಲುಕಿ. ಶೇಕರ್ ಇಲ್ವಾ, ಮುಚ್ಚಳ ಬಿಗಿಯಾಗಿರೋ ಬಾಟಲಿ ಸಾಕು. ಟೀ ಸೋಸೋ ಜಾಲರಿಲಿ ಸೋಸಿದ್ರೆ ಬೀಜದ ಕಾಟನೂ ಮುಗೀತು. ಉದ್ದ ಗ್ಲಾಸಿಗೆ ಹೊಸ ಐಸು ಹಾಕಿ (ಶೇಕರಲ್ಲಿ ಕರಗಿದ್ದನ್ನ ಮತ್ತೆ ಹಾಕ್ಬೇಡಿ, ದಪ್ಪ ತುಂಡು ಇದ್ರೆ ಇನ್ನೂ ಒಳ್ಳೇದು, ನಿಧಾನ ಕರಗುತ್ತೆ), ಸೋಸಿದ್ದನ್ನ ಸುರಿದು, ಕೊನೆಗೆ 60 ಎಂಎಲ್ ಫ್ರಿಜ್ಜಲ್ಲಿಟ್ಟಿದ್ದ ಸೋಡಾ. ಸೋಡಾ ಹಾಕಿದ್ಮೇಲೆ ಕುಲುಕ್ಬೇಡಿ, ಗ್ಯಾಸೆಲ್ಲ ಹೋಗುತ್ತೆ, ತಳದಿಂದ ಒಂದು ಸಲ ಚಮಚ ಎತ್ತಿದ್ರೆ ಆಯ್ತು. ಪುದೀನ ಇಷ್ಟ ಇದ್ರೆ ಒಂದು ಚಿಗುರನ್ನ ಅಂಗೈಲಿಟ್ಟು ಒಂದೇ ಒಂದು ಚಪ್ಪಾಳೆ ತಟ್ಟಿ ಮೇಲಿಡಿ, ಅರೀಬೇಡಿ, ಕಹಿಯಾಗುತ್ತೆ.

ಪ್ರಶ್ನೆ: ಫ್ರೋಜನ್ ಬೆರಿ ನಡೆಯುತ್ತಾ? ನಿಂಬೆರಸ ಹಾಕಿದ ತಕ್ಷಣ ಬ್ಲೂಬೆರಿ ರಸದ ಬಣ್ಣ ಬದಲಾಯ್ತು, ಕೆಟ್ಟೋಗಿದ್ಯಾ?

ಉತ್ತರ: ಕೆಟ್ಟಿಲ್ಲ, ಧೈರ್ಯವಾಗಿ ಕುಡೀರಿ. ಬೆರಿಗಳಿಗೆ ಬಣ್ಣ ಕೊಡೋ ಆಂಥೋಸಯಾನಿನ್ ಹುಳಿ ಸಿಕ್ಕಿದ್ರೆ ಕೆಂಪಿನ ಕಡೆ ತಿರುಗುತ್ತೆ, ಹುಳಿ ಕಮ್ಮಿ ಆದ್ರೆ ನೇರಳೆ, ನೀಲಿ. ಫ್ರೋಜನ್ ಧಾರಾಳವಾಗಿ ನಡೆಯುತ್ತೆ, ಒಳಗಿನ ನೀರು ಹೆಪ್ಪುಗಟ್ಟುವಾಗ ಹಣ್ಣಿನ ಕೋಶಗಳು ಒಡೆದಿರೋದ್ರಿಂದ ಕರಗಿದ್ ಕೂಡ್ಲೇ ರಸ ತಾನಾಗೇ ಬಿಡುತ್ತೆ. ಅಲಂಕಾರಕ್ಕೆ ಮಾತ್ರ ತಾಜಾದೇ ಇಡಿ.

ಪ್ರಶ್ನೆ: ಬ್ರ್ಯಾಂಬಲ್ ಅಂತಾರಲ್ಲ, ಅದೂ ಇದೂ ಒಂದೇನಾ?

ಉತ್ತರ: ಹತ್ತಿರದ ನೆಂಟರು. ಬ್ರ್ಯಾಂಬಲ್ 1980ರ ದಶಕದಲ್ಲಿ ಲಂಡನ್ನಿನ ಬಾರ್‌ಟೆಂಡರ್ ಡಿಕ್ ಬ್ರ್ಯಾಡ್‌ಸೆಲ್ ಮಾಡಿದ್ದು. ಜಿನ್, ನಿಂಬೆರಸ, ಸಕ್ಕರೆ ಪಾಕ ಬೆರೆಸಿ ಪುಡಿ ಐಸಿನ ಮೇಲೆ ಹಾಕಿ, ಮೇಲಿಂದ ಬ್ಲ್ಯಾಕ್‌ಬೆರಿ ಲಿಕ್ಯೂರ್ (ಹಣ್ಣಿನ ರುಚಿಯ ಸಿಹಿ ಮದ್ಯ) ಸುರೀತಾರೆ, ಅದು ಐಸಿನ ಸಂದಿಲಿ ಗೆರೆಗೆರೆಯಾಗಿ ಇಳಿಯುತ್ತೆ. ಸೋಡಾ ಇಲ್ಲ, ಅದಕ್ಕೇ ಖಡಕ್ಕು. ಆ ಲಿಕ್ಯೂರ್ ಇಲ್ದಿದ್ರೆ ಬ್ಲ್ಯಾಕ್‌ಬೆರಿನ ಸಕ್ಕರೆಲಿ ನೆನೆಸಿ ಬಂದ ರಸನೇ ಮೇಲಿಂದ ಬಿಡಿ, ಅಷ್ಟು ಗಾಢ ಇರಲ್ಲ, ಆದ್ರೆ ಹಣ್ಣಿನ ರುಚಿ ನನಗೆ ಇದರಲ್ಲೇ ಜಾಸ್ತಿ ಇಷ್ಟ.

ಪ್ರಶ್ನೆ: ಆರು ಜನಕ್ಕೆ ಒಟ್ಟಿಗೆ ಮಾಡೋದು ಹೇಗೆ? ಒಬ್ಬರು ಕುಡಿಯಲ್ಲ.

ಉತ್ತರ: ಐದು ಜನಕ್ಕೆ ಜಗ್ಗಲ್ಲಿ ಮಾಡಿ, 250 ಎಂಎಲ್ ಜಿನ್, 125 ಎಂಎಲ್ ನಿಂಬೆರಸ, ಕಾಲು ಕೆಜಿ ಹಣ್ಣನ್ನ ಹತ್ತು ಚಮಚ ಸಕ್ಕರೆಲಿ ನೆನೆಸಿ ಸೋಸಿದ ರಸ. ಕುಲುಕೋದಿಲ್ವಲ್ಲ, ಐಸು ಕರಗಿ ಸೇರಬೇಕಾದ ನೀರು ಸೇರಿರಲ್ಲ, ಹಾಗಾಗಿ 125 ಎಂಎಲ್ ತಣ್ಣೀರು ನೀವೇ ಹಾಕಿ, ಎರಡು ಗಂಟೆ ಫ್ರಿಜ್ಜಲ್ಲಿಡಿ, ಐಸು ಸೋಡಾ ಗ್ಲಾಸಿಗೆ. ಕುಡಿಯದೇ ಇರೋರಿಗೆ ಅದೇ ಹಣ್ಣಿನ ರಸ, ನಿಂಬೆ, ಸೋಡಾ ಬದಲು ಟಾನಿಕ್ ವಾಟರ್ ಹಾಕಿಕೊಡಿ, ಟಾನಿಕ್‌ನ ಕಹಿ ಜಿನ್ ಇಲ್ಲದ ಜಾಗನ ತುಂಬುತ್ತೆ. ಅವರ ಪಾಲನ್ನ ಜಿನ್ ಸೇರಿಸೋಕೆ ಮೊದಲೇ ಬೇರೆ ತೆಗೆದಿಡಿ. ಉಳಿದವರಿಗೂ ಅಳತೆ ಲೋಟದಲ್ಲೇ ಹಾಕಿ, ಸಿಹಿ ಹಣ್ಣಿನ ಮರೆಲಿ ಜಿನ್ ಎಷ್ಟು ಒಳಗೆ ಹೋಯ್ತು ಅಂತ ಗೊತ್ತೇ ಆಗಲ್ಲ.